ಟ್ರಾಲಿ ಮೇಲಿನ ಸಿಡಿಲಣ್ಣ

ಬೀಜದ ಕಂಪನಿ ಕೆಲಸದ ಮೇಲೆ ಹರಪನಹಳ್ಳಿಯಿಂದ ತೆಲಿಗಿ ಕಡೆ ಬೈಕಿನಲ್ಲಿ ಹೊರಟಿದ್ದೆ. ಮುಂದೆ ಹೋಗುತ್ತಿದ್ದ ಟ್ರ್ಯಾಕ್ಟರ್ ಟ್ರಾಲಿಯ ಹಿಂಬದಿ ನೋಡಿ ಹಾರನ್ ಒತ್ತುವುದನ್ನೇ ಮರೆತೆ. ಅಲ್ಲಿ ಸಿಡಿಲಣ್ಣ ಇದ್ದ!

ನಾವು ಚಿಕ್ಕವರಿದ್ದಾಗ ಟೀವಿಯಲ್ಲಿ ಬರುತ್ತಿದ್ದ ಕಾರ್ಟೂನು ಅದು. ಆಕಾಶದಲ್ಲಿ ಹಾರಾಡುವ ಸಿಡಿಲಣ್ಣನನ್ನು ಒಂದು ಭಾನುವಾರ ಖಳ ಬಾವಿಗೆ ದಬ್ಬಿದ. ಮುಂದಿನ ಭಾನುವಾರ ಅದೇ ಹೊತ್ತಿಗೆ ಅಡುಗೆ ಕಾರ್ಯಕ್ರಮ ಬಂತು. ಅಷ್ಟೇ. ಅವನೇನಾದ ಅಂತ ಯಾರೂ ಹೇಳಲಿಲ್ಲ.

ಟ್ರಾಲಿಯ ಚಿತ್ರದಲ್ಲಿ ಅವನಿಗೆ ಹಗ್ಗ ಕಟ್ಟಿ, ಒಂದು ಟ್ರ್ಯಾಕ್ಟರ್ ಬಾವಿಯಿಂದ ಮೇಲಕ್ಕೆಳೆಯುತ್ತಿತ್ತು. ಕೈ ಮಾಡಿ ಗಾಡಿ ನಿಲ್ಲಿಸಿದೆ. ಓಡಿಸುತ್ತಿದ್ದವನು ನನ್ನ ವಾರಗೆಯವನೇ.

"ಹಾರೋನಿಗೆ ಹಗ್ಗ ಯಾಕ್ರಿ?" ಎಂದೆ.

"ಹಾರಾಕ ಆಗಿದ್ರ ಇಷ್ಟು ವರ್ಷ ಬಾವ್ಯಾಗ ಯಾಕ ಕುಂತಿರತಿದ್ದ? ಕಾದು ಕಾದು ಸಾಕಾತು. ನಾನ ಎತ್ತಿಸೀನಿ."

ಖುಷಿಯಾಯಿತು. ಆದರೂ ಸುಮ್ಮನಿರಲಾಗಲಿಲ್ಲ. "ಅವನ ಶಲ್ಯ ನೀಲಿ. ನೀವು ಕೆಂಪು ಬಳಿಸೀರಲ್ರಿ."

"ಕೆಂಪ ರೀ! ನಾ ಒಂದು ವಾರಾನೂ ತಪ್ಪಿಸಿಲ್ಲ."

"ನಾನೂ ತಪ್ಪಿಸಿಲ್ಲ. ನೀಲಿ!"

ದನಿ ಏರಿತು. ಹಿಂದೆ ನಿಂತ ಬಸ್ಸು ಒಂದೇ ಸಮನೆ ಹಾರನ್ ಹೊಡೆಯತೊಡಗಿತು. ಅವನು ತಟ್ಟನೆ ಕೇಳಿದ: "ನಿಮ್ಮ ಮನ್ಯಾಗ ಕಲರ್ ಟೀವಿ ಇತ್ತೇನ್ರಿ?"

"ಇಲ್ಲ. ನಿಮ್ಮ ಮನ್ಯಾಗ?"

"ನಮ್ದೂ ಬ್ಲಾಕ್ ಅಂಡ್ ವೈಟ್."

ಇಬ್ಬರೂ ನಕ್ಕೆವು. ಫೋನು ಜೇಬಿನಲ್ಲೇ ಇತ್ತು. ಹುಡುಕಿದ್ದರೆ ಬಣ್ಣ ಗೊತ್ತಾಗುತ್ತಿತ್ತು. ಹುಡುಕಲಿಲ್ಲ. ಬಾವಿಯಿಂದ ಎತ್ತಿದವನು ಹೇಳಿದ್ದೇ ಬಣ್ಣ ಅಂತ ಒಪ್ಪಿಕೊಂಡು ಬೈಕ್ ಹತ್ತಿದೆ.

ಆದರೆ ಅದು ನೀಲಿಯೇ.