ಆಷಾಢದ ಜಗಲಿಯಲ್ಲಿ ಕೊನೆಯ ಕುರಿ

ನನ್ನ ತವರು ಸರಗೂರು, ಕೊಟ್ಟ ಊರು ಹುಣಸೂರು ಹತ್ತಿರದ ಕಟ್ಟೆಮಳಲವಾಡಿ. ಐವತ್ತರ ದಶಕದಲ್ಲಿ ಮದುವೆಯಾದ ನಮಗೆ ಮೊದಲ ಜಗಳ ಹತ್ತಿದ್ದು ಉಪ್ಪು ಖಾರಕ್ಕಲ್ಲ, ಹುಲಿ-ಕುರಿ ಆಟಕ್ಕೆ. ನೆಲದ ಮೇಲೆ ಗೆರೆ ಎಳೆದು ಮನೆ ಬರೆದು, ಮೂರು ಹುಲಿ ಕೂರಿಸಿ, ಕುರಿಗಳನ್ನು ಒಂದೊಂದಾಗಿ ಇಡುತ್ತ ಹುಲಿಯನ್ನು ಕಟ್ಟಿಹಾಕಬೇಕು. ಹುಲಿಗೆ ಹೊಳೆಗಲ್ಲು, ಕುರಿಗೆ ಹುಣಸೆ ಬೀಜ. ಕೈಯಲ್ಲಿರುವ ಕುರಿಗಳೆಲ್ಲ ಇಳಿಯುವ ತನಕ ಇಟ್ಟ ಕುರಿಯನ್ನು ಕದಲಿಸಬಾರದು ಎಂದು ಯಜಮಾನರು. ಹುಲಿ ಮೈಮೇಲೆ ಬಂದರೂ ಕುರಿ ಕಣ್ಣು ಬಿಟ್ಟುಕೊಂಡು ಕೂತಿರಬೇಕೇ, ನಡೆಸಬಹುದು ಎಂದು ನಾನು. ಅವರೂರಿಗೆ ಒಂದು ಕಟ್ಟಳೆ, ನಮ್ಮೂರಿಗೆ ಒಂದು. ನಾನು ಹಟಮಾರಿ, ಅವರು ನನಗಿಂತ ಒಂದು ಕೈ ಮೇಲು. ಒಂದು ಆಟವೂ ಮುಗಿಯಲಿಲ್ಲ.

ಅಷ್ಟರಲ್ಲಿ ಆಷಾಢ ಬಂತು. ಆ ತಿಂಗಳು ಹೊಸ ಸೊಸೆ ಅತ್ತೆಯ ಹೊಸಿಲು ತುಳಿಯಬಾರದು, ಹೊಸ ಅಳಿಯನೂ ಅತ್ತೆಯ ಹೊಸಿಲು ತುಳಿಯಬಾರದು. ಅಪ್ಪ ಬಂದು ನನ್ನನ್ನು ಕರೆದುಕೊಂಡು ಹೋದರು. ತವರಿಗೆ ಹೋಗುವ ಖುಷಿ ಬಸ್ಸು ದಾರಿಯ ಕೋಟೆ ಊರನ್ನು ದಾಟುವಷ್ಟರಲ್ಲೇ ಇಂಗಿಹೋಯಿತು. ಅಮ್ಮ ಮಾಡಿದ ಒಬ್ಬಟ್ಟನ್ನು ತಂಗಿಯ ಎಲೆಗೆ ದಾಟಿಸಿಬಿಟ್ಟೆ. ಬಸ್ಸಿನ ಸದ್ದಾದರೆ ಸಾಕು, ಬಾಗಿಲಿಗೆ ಓಡುತ್ತಿದ್ದೆ. ಅವರು ಬರುವ ಹಾಗಿಲ್ಲ ಎಂದು ಗೊತ್ತಿದ್ದೂ ಓಡುತ್ತಿದ್ದೆ. ಈಗ ಈ ವಯಸ್ಸಿನಲ್ಲಿ ಹೇಳಿಕೊಳ್ಳಲು ನಾಚಿಕೆ ಏನು, ಅವರ ಜಗಳ ಬೇಕಾಗಿತ್ತು ನನಗೆ.

ಒಂದು ಮಧ್ಯಾಹ್ನ ಬಂದೇಬಿಟ್ಟರು. ಕೊಡೆ ಮಡಿಸಿ ಬೀದಿಯಲ್ಲೇ ನಿಂತು, ಜಗಲಿಯಲ್ಲಿ ಕೂತಿದ್ದ ನನ್ನ ತಾತನಿಗೆ ಕೈಮುಗಿದರು.

“ಒಂದು ನ್ಯಾಯ ಕೇಳ್ಕಂಡೋಗಾನ ಅಂತ ಬಂದೆ ತಾತ. ನಿಮ್ಮ ಮೊಮ್ಮಗಳು ಕುರಿ ಎಲ್ಲಾ ಇಡಾಕ್ ಮುಂಚೇನೇ ನಡುಸ್ತಾಳೆ. ಯಾವೂರ್ ಕಟ್ಲೆ ಇದು?”

ಅಮ್ಮ ಗಾಬರಿಯಾಗಿ ಒಳಗಿನಿಂದಲೇ, “ಆಸಾಡದಲ್ಲಿ ಅಳಿಯಂದ್ರು ಬರಬೌದಾ ಮಾವ?” ಎಂದರು.

ತಾತ ನಗಲಿಲ್ಲ. “ತುಳೀಬಾರ್ದು ಅಂದಿರೋದು ಒಸ್ಲು ಕಣವ್ವ. ಜಗುಲಿ ಒಸ್ಲಿಂದ ಈಚ್ಗೈತೆ. ಕುಂತ್ಕಳಿ ಅಳಿಮಯ್ಯ, ಆಡಿ, ನ್ಯಾಯ ಆಮ್ಯಾಕೆ ನೋಡಾನ.”

ಇದ್ದಿಲಿನಲ್ಲಿ ಮನೆ ಬರೆದೆ. ಅಮ್ಮ ನನ್ನ ತಂಗಿಯ ಕೈಯಲ್ಲಿ ಕಾಫಿ ಕಳಿಸಿದರು. ತಾತ ಎದುರಿಗಿದ್ದರಿಂದ ಮಾತೆಲ್ಲ ಕುರಿಯದ್ದೇ, ಹುಲಿಯದ್ದೇ. ಹುಲಿ ಎತ್ತುವಾಗ ಅವರ ಬೆರಳು ತಾಗಿದರೆ ಮುಂದಿನ ಕುರಿ ಎಲ್ಲಿಡಬೇಕೆಂದಿದ್ದೆನೋ ಮರೆತೇಹೋಗುತ್ತಿತ್ತು. ಕೊನೆಗೆ ತಾತನ ತೀರ್ಪಾಯಿತು: “ಯಾರ ಜಗುಲಿ ಮ್ಯಾಲೆ ಆಡ್ತೀರೋ ಅವರೂರ್ ಕಟ್ಲೆ. ಇಲ್ಲಿ ನಡುಸ್ಬೌದು.” ಗೆದ್ದೆನೆಂದು ನಾನು ಬೀಗಿದೆ.

ಇಡುವುದಕ್ಕೆ ಒಂದೇ ಕುರಿ ಉಳಿದಿತ್ತು, ಸಂಜೆ ಬಸ್ಸು ಹಾರನ್ ಹೊಡೆಯಿತು. ಅವರು ಎದ್ದು, ನನ್ನ ಮುಂದಿದ್ದ ಆ ಬೀಜವನ್ನು ತೆಗೆದು ಅಂಗಿ ಜೇಬಿಗೆ ಹಾಕಿಕೊಂಡರು. “ಇದ್ನ ನಮ್ಮೂರ್ಗೆ ಬಂದು ಇಡು,” ಎಂದು ಹೊರಟೇಹೋದರು. ಕೊಡೆ ಜಗಲಿಯಲ್ಲೇ ಉಳಿಯಿತು.

ತಂಗಿ ಹುಲಿಗಳ ಮುಂದೆ ಬಂದು ಕೂತಳು. “ನಡ್ಸಕ್ಕ. ನಮ್ ಕಟ್ಲೇಲಿ ನಡುಸ್ಬೌದಲ್ಲ?”

“ಊಂಹೂಂ. ಕೊನೇ ಕುರಿ ಇಡ್ದಲೆ ನಡುಸಂಗಿಲ್ಲ ಕಣೆ,” ಎಂದೆ.

ತಾತ ಕೇಳಿಸದವರ ಹಾಗೆ ಎಲೆಗೆ ಸುಣ್ಣ ಹಚ್ಚಿದರು. ಶ್ರಾವಣದ ತನಕ ಆ ಮನೆಯನ್ನು ಅಳಿಸಲು ನಾನು ಯಾರಿಗೂ ಬಿಡಲಿಲ್ಲ.

ಕಟ್ಟೆಮಳಲವಾಡಿಗೆ ಮರಳಿದಾಗ ಬೀಜ ಅವರ ಜೇಬಿನಲ್ಲೇ ಇತ್ತು. ಆಮೇಲೆ ಎಷ್ಟು ಆಟ ಆಡಿದೆವೋ, ಎಲ್ಲವೂ ಅವರ ಕಟ್ಟಳೆಯಲ್ಲೇ. ಈಗ ಅವರಿಲ್ಲ. ಮೊಮ್ಮಕ್ಕಳು ಹುಲಿ ಹಿಡಿದು ನನ್ನೆದುರು ಕೂರುತ್ತವೆ. ಕೊನೆಯ ಕುರಿ ನನ್ನ ಮುಷ್ಟಿಯಲ್ಲೇ ಉಳಿದುಬಿಡುತ್ತದೆ. “ಇಡಜ್ಜಿ, ಬೇಗ ಇಡು,” ಎಂದು ಗೋಳು ಹೊಯ್ದುಕೊಳ್ಳುತ್ತವೆ. ಇಟ್ಟುಬಿಟ್ಟರೆ ಅವರಿಲ್ಲದೆಯೂ ಆಟ ನಡೆದುಹೋಗುತ್ತದಲ್ಲ.