ಕುಳ್ಳಯ್ಯ ಕಾಫಿ ಕುಡಿಸಿದ್ದು

ಹುಣಸೂರಿನ ಕುಳ್ಳಯ್ಯನಿಗೆ ದೇವರೆಂದರೆ ಆಗದು, ದೇವರನ್ನು ನಂಬುವವರೆಂದರೆ ಇನ್ನೂ ಆಗದು. ಹಾಗಂತ ಅವನೇನು ನಾಲ್ಕು ಪುಸ್ತಕ ಓದಿ, ತಲೆ ಕೆಡಿಸಿಕೊಂಡು ನಾಸ್ತಿಕನಾದವನಲ್ಲ. ಊರೆಲ್ಲ ಕೈ ಮುಗಿಯುವಾಗ ತಾನೊಬ್ಬ ಕೈ ಕಟ್ಟಿ ನಿಂತರೆ ನಾಲ್ಕು ಜನ ತಿರುಗಿ ನೋಡುತ್ತಾರೆ ಎಂಬುದನ್ನು ಚಿಕ್ಕಂದಿನಲ್ಲೇ ಕಂಡುಕೊಂಡಿದ್ದ, ಅಷ್ಟೇ. ಹೆಂಡತಿ ಚಾಮುಂಡಮ್ಮ ನಂಜುಂಡಪ್ಪನ ಹೆಸರಿನಲ್ಲಿ ಸೋಮವಾರ ಒಪ್ಪೊತ್ತು ಇರುತ್ತಿದ್ದಳು. ಈ ಮಹಾಶಯ ವಾರವೆಲ್ಲ ಸೊಪ್ಪಿನ ಸಾರು ಉಂಡು, ಸೋಮವಾರವೇ ಬೇಕೆಂದು ಮಿಲಿಟರಿ ಹೋಟೆಲಿನಿಂದ ಕೋಳಿ ಸಾರು ಕಟ್ಟಿಸಿಕೊಂಡು ಬಂದು ಅವಳೆದುರಿಗೇ ಕೂತು ಮೂಳೆ ಚೀಪುತ್ತಿದ್ದ. ಅವಳು ಒಂದು ಮಾತೂ ಆಡದೆ ತಟ್ಟೆ ತೊಳೆದಿಡುತ್ತಿದ್ದಳು. ಇಪ್ಪತ್ತೆಂಟು ವರ್ಷದ ಸಂಸಾರದಲ್ಲಿ ಇದನ್ನು ಅವನು ತನ್ನ ಗೆಲುವೆಂದೇ ತಿಳಿದಿದ್ದ.

ಕಟ್ಟೆಮಳಲವಾಡಿಯ ಹತ್ತಿರ ಅವನಿಗೆ ಐದೆಕರೆ ಹೊಲವಿತ್ತು, ಹೊಗೆಸೊಪ್ಪು ಬೇಯಿಸುವ ಬ್ಯಾರನ್ ಇತ್ತು, ಹುಣಸೂರಿನಲ್ಲಿ ಮಹಡಿಯ ಮೇಲೊಂದು ರೂಮಿರುವ ಮನೆಯಿತ್ತು. ಇಷ್ಟಿದ್ದೂ ಅವನು ಹೆಮ್ಮೆಪಡುತ್ತಿದ್ದುದು ಮಾತ್ರ ತನ್ನ ಮನೆಯ ಕಾಫಿಯ ಬಗ್ಗೆ. ಕೊಡಗಿನಿಂದ ಬೀಜ ತರಿಸಿ, ಹದವಾಗಿ ಹುರಿಸಿ, ಹಿತ್ತಾಳೆ ಫಿಲ್ಟರಿನಲ್ಲಿ ಇಳಿಸಿದ ಕಾಫಿ. ಕರೆಂಟಿನ ಮೀಟರ್ ಓದುವವನಾಗಲಿ, ಸೌದೆ ಗಾಡಿಯವನಾಗಲಿ, ಹೊಸಿಲು ದಾಟಿದವನು ಅದನ್ನು ಕುಡಿಯದೆ ಹೋಗುವಂತಿರಲಿಲ್ಲ. ಇದರ ಹಿಂದೆ ಒಂದು ಹುಣ್ಣಿತ್ತು. ಹೊಲ ಪಾಲಾದಾಗ ಬಾವಿಯ ಕಡೆಯ ಭಾಗವನ್ನು ತಾನೇ ಹೊಡೆದುಕೊಂಡಿದ್ದ. ಅಂದಿನಿಂದ ಅಣ್ಣ ಹುಚ್ಚಯ್ಯ ಇವನ ಮನೆಯ ನೀರು ಮುಟ್ಟಿರಲಿಲ್ಲ. ಆ ಸೀಮೆಯಲ್ಲಿ ನಿನ್ನ ಮನೆಯ ನೀರು ಮುಟ್ಟುವುದಿಲ್ಲ ಎನ್ನುವುದಕ್ಕಿಂತ ದೊಡ್ಡ ಬೈಗುಳವಿಲ್ಲ. ಯಾರಾದರೂ ಲೋಟ ಬೇಡವೆಂದರೆ ಸಾಕು, ಕುಳ್ಳಯ್ಯನಿಗೆ ಅಣ್ಣನ ಮುಖ ಕಾಣುತ್ತಿತ್ತು.

ಅಂಥ ಮನೆಯ ಮಹಡಿಗೆ ಎರಡು ಸಾವಿರದ ಒಂದನೇ ಇಸವಿಯ ಜೂನ್‌ನಲ್ಲಿ ಬಾಡಿಗೆಗೆ ಬಂದವರು ಕ್ರೈಸ್ತರಲ್ಲಿ ಮಾರ್ಮನ್ ಎಂಬ ಪಂಗಡದ ಇಬ್ಬರು ಹುಡುಗರು. ಒಬ್ಬ ಲಾರ್ಸನ್, ಅಮೆರಿಕದಲ್ಲಿ ಆಲೂಗಡ್ಡೆ ಬೆಳೆಯುವ ಯಾವುದೋ ಊರಿನವನು, ಹತ್ತೊಂಬತ್ತು ವರ್ಷ. ಇನ್ನೊಬ್ಬ ಪ್ರಭಾಕರ, ರಾಜಮಂಡ್ರಿ ಕಡೆಯವನು; ಬೆಂಗಳೂರಿನಲ್ಲಿ ಕೆಲಸಕ್ಕಿದ್ದು ಕನ್ನಡ ಕಲಿತಿದ್ದ. ಎರಡು ವರ್ಷ ಮನೆ ಬಿಟ್ಟು, ತಮ್ಮ ಧರ್ಮದ ಮಾತು ಹೇಳಿಕೊಂಡು ಊರೂರು ತಿರುಗುವುದು ಅವರಲ್ಲಿ ಹುಡುಗರು ಮಾಡುವ ಸೇವೆಯಂತೆ. ವರ್ಷಕ್ಕೆ ಎರಡು ಸಲ ಬಿಟ್ಟರೆ ತಾಯಿಗೆ ಫೋನು ಮಾಡುವಂತಿಲ್ಲವಂತೆ. ಒಬ್ಬನನ್ನು ಬಿಟ್ಟು ಒಬ್ಬ ಬೀದಿಗೆ ಇಳಿಯುವಂತಿಲ್ಲವಂತೆ. ಇಷ್ಟು ಸಾಲದೆಂದು ಒಬ್ಬರನ್ನೊಬ್ಬರು ‘ಎಲ್ಡರ್’ ಎಂದು ಕರೆದುಕೊಳ್ಳುತ್ತಿದ್ದರು. ಹಾಗೆಂದರೆ ಹಿರಿಯ ಎಂದು ಪ್ರಭಾಕರ ವಿವರಿಸಿದಾಗ ಕುಳ್ಳಯ್ಯ ಲಾರ್ಸನ್ನನ ಮೀಸೆ ಬಾರದ ಮುಖವನ್ನು ನೋಡಿ ನೋಡಿ ನಕ್ಕ. ಅಂದಿನಿಂದ ಅವನ ಬಾಯಲ್ಲಿ ಆ ಹುಡುಗ ‘ಹಿರಿಯಪ್ಪ’ನಾದ.

ಬಂದ ದಿನವೇ ಎಡವಟ್ಟಾಯಿತು. ಚಾಮುಂಡಮ್ಮ ಎರಡು ಲೋಟ ಕಾಫಿ ತಂದಿಟ್ಟಳು. ಲಾರ್ಸನ್ ಅಂಗೈ ಅಡ್ಡ ಹಿಡಿದು, ಲೋಟವನ್ನು ಎರಡು ಬೆರಳಲ್ಲಿ ದೂರ ತಳ್ಳಿ, ಕಾಫಿ, ಟೀ, ಹೆಂಡ, ಹೊಗೆಸೊಪ್ಪು ಇವನ್ನೆಲ್ಲ ದೇವರು ಬೇಡವೆಂದಿದ್ದಾನೆಂದು ಇಂಗ್ಲಿಷಿನಲ್ಲಿ ಪಾಠ ಒಪ್ಪಿಸಿದ. ಪ್ರಭಾಕರ ಅದನ್ನು ಆದಷ್ಟು ಮೆತ್ತಗೆ ಮಾಡಿ ಕನ್ನಡದಲ್ಲಿ ಹೇಳಿದ. ಆದರೆ ತಳ್ಳಿದ ಲೋಟ ಎಲ್ಲರಿಗೂ ಕಂಡಿತ್ತು. ಹೊಗೆಸೊಪ್ಪಿನಿಂದ ಎದ್ದ ಮನೆಯಲ್ಲಿ ಕೂತು ಹೊಗೆಸೊಪ್ಪು ಪಾಪವೆಂದು ಹೇಳುವುದಕ್ಕೆ ಇವನು ಸಮುದ್ರ ದಾಟಿ ಬರಬೇಕಾಗಿತ್ತೇ ಎಂದು ಕುಳ್ಳಯ್ಯ ಕುದ್ದುಹೋದ. ಆಗಲೇ ಗಂಟುಮೂಟೆ ಸಮೇತ ಹೊರಗೆ ಹಾಕಬಹುದಿತ್ತು. ಆದರೆ ತನ್ನ ಮಹಡಿಯ ಮೇಲೆ ಬಿಳಿಯನೊಬ್ಬ ಇದ್ದಾನೆಂದು ಊರಲ್ಲಿ ಹೇಳಿಕೊಂಡು ತಿರುಗುವ ಚಪಲ ಕೋಪಕ್ಕಿಂತ ದೊಡ್ಡದಾಗಿತ್ತು.

ಹುಡುಗರ ದಿನಚರಿ ಅವನಿಗೆ ಒಳ್ಳೆಯ ತಮಾಷೆಯಾಯಿತು. ಬೆಳಿಗ್ಗೆ ಆರೂವರೆಗೆ ಏಳುವುದು, ಮಂಡಿಯೂರಿ ಪ್ರಾರ್ಥನೆ, ಓದು, ಆಮೇಲೆ ಇಸ್ತ್ರಿ ಮಾಡಿದ ಬಿಳಿ ಅಂಗಿ, ಟೈ, ಎದೆಗೆ ಕಪ್ಪು ಹೆಸರುಪಟ್ಟಿ. ಆ ವೇಷದಲ್ಲಿ ಗಾವಡಗೆರೆ ರಸ್ತೆಯಲ್ಲಿ ಸೈಕಲ್ ತುಳಿದರೆ ಲಾರಿಯವರು ಹಾರನ್ ಹೊಡೆದು ಹಲ್ಲು ಕಿರಿಯುತ್ತಿದ್ದರು. ಇಂಗ್ಲಿಷ್ ಕಲಿಯಬಹುದೆಂದು ಐದಾರು ಕಾಲೇಜು ಹುಡುಗರು ಬಂದು ಸೇರಿದರು. ದೇವರ ಮಾತು ಶುರುವಾದ ಕೂಡಲೇ ಅವರೆಲ್ಲರಿಗೂ ಒಟ್ಟಿಗೇ ಪರೀಕ್ಷೆ ಬಂತು. ಅವರ ಭಕ್ತಿ ಅಷ್ಟರದ್ದೇ ಆಗಿತ್ತು. ಲಾರ್ಸನ್ ಮೊದಮೊದಲು ಇವರಿಗಿಂತ ವಾಸಿಯೇನೂ ಇರಲಿಲ್ಲ. ಪ್ರಭಾಕರ ಐದು ನಿಮಿಷ ತಡವಾಗಿ ಎದ್ದರೆ ದಿನವೆಲ್ಲ ಮುಖ ಊದಿಸಿಕೊಂಡಿರುತ್ತಿದ್ದ. ಬ್ಯಾರನ್ ಹತ್ತಿರ ಕಡ್ಡಿಗೆ ಎಲೆ ಕಟ್ಟುವ ಹೆಂಗಸರ ಮುಂದೆ ನಿಂತು ಹೊಗೆಸೊಪ್ಪು ಬಿಡಿ ಎಂದು ಉಪದೇಶ ಮಾಡಲು ಹೋದ. ಉಣ್ಣುವುದಕ್ಕೆ ನೀನು ಕೊಡುತ್ತೀಯಾ ಎಂದು ಅವರು ಕೇಳಿದ್ದನ್ನು ಪ್ರಭಾಕರ ಅನುವಾದ ಮಾಡದೆ ಬಿಟ್ಟ. ಒಂದು ದಿನ ಮನೆಯಿಂದ ಕಾಗದ ಬರಲಿಲ್ಲವೆಂದು ನೀರಿನ ತೊಟ್ಟಿಯ ಹಿಂದೆ ಕೂತು ಅಳುತ್ತಿದ್ದ. ಕುಳ್ಳಯ್ಯ ಆ ಅಳುವನ್ನು ವಾರವಿಡೀ ಉಮಾಶಂಕರನ ಹೋಟೆಲಿನಲ್ಲಿ ಅಭಿನಯಿಸಿ ತೋರಿಸಿದ.

ಮಳೆಗಾಲ ಕಳೆಯುವ ಹೊತ್ತಿಗೆ ಹುಡುಗ ಬದಲಾದ. ಯಾರು ಏನು ಹೇಳಿದರೋ, ಅಥವಾ ಯಾರೂ ಏನೂ ಕೇಳಿಸಿಕೊಳ್ಳದೆ ಇದ್ದುದೇ ಅವನಿಗೆ ಪಾಠವಾಯಿತೋ, ಉಪದೇಶ ನಿಂತಿತು. ಬಟ್ಟೆ ಒಗೆಯುವ ದಿನ ತನ್ನದರ ಜತೆಗೆ ಪ್ರಭಾಕರನ ಅಂಗಿಯನ್ನೂ ಒಗೆದು ಹರವಿದ. ಹೇಳದೆ ಕೇಳದೆ ಚಾಮುಂಡಮ್ಮನ ಕೊಟ್ಟಿಗೆಯ ಸಗಣಿ ಬಾಚಿದ. ಕನ್ನಡ ಕಲಿತ, ಆದರೆ ಕಲಿತ ಕನ್ನಡವನ್ನು ಹೇಳುವುದಕ್ಕಿಂತ ಕೇಳುವುದಕ್ಕೇ ಹೆಚ್ಚು ಬಳಸಿದ. ಅವರಿಗೂ ತಿಂಗಳ ಮೊದಲ ಭಾನುವಾರ ಉಪವಾಸ. ಅದನ್ನು ತಿಳಿದ ಚಾಮುಂಡಮ್ಮ ತನ್ನ ಸೋಮವಾರದ ಒಪ್ಪೊತ್ತಿನ ವಿಷಯ ಹೇಳಿದಾಗ ಅವನು ತನ್ನ ದೇವರೇ ದೊಡ್ಡವನೆಂದು ವಾದಕ್ಕೆ ನಿಲ್ಲಲಿಲ್ಲ. ತುಂಬ ಹಸಿವಾದಾಗ ಏನು ಮಾಡುತ್ತೀರಿ ಅಮ್ಮಾ ಎಂದು ಕೇಳಿದ. ಆ ಮನೆಯಲ್ಲಿ ಯಾರೂ ಅವಳನ್ನು ಆ ಮಾತು ಕೇಳಿರಲಿಲ್ಲ. ಮರುದಿನದಿಂದ ಅವಳು ಇಬ್ಬರಿಗೂ ಬೆಳಿಗ್ಗೆ ರಾಗಿ ಮಾಲ್ಟ್ ಮಾಡಿಕೊಡತೊಡಗಿದಳು, ಬೆಲ್ಲ ಹಾಕಿ, ಹಾಲು ಹಾಕಿ. ಅವಳು ಕೊಟ್ಟದ್ದನ್ನು ಲಾರ್ಸನ್ ಏನೆಂದು ನೋಡದೆಯೇ ಕುಡಿಯುತ್ತಿದ್ದ.

ಇದು ಕುಳ್ಳಯ್ಯನಿಗೆ ಸರಿಬರಲಿಲ್ಲ. ಯಾರನ್ನಾದರೂ ಹೀಯಾಳಿಸದಿದ್ದರೆ ಅವನಿಗೆ ಉಂಡ ಅನ್ನ ಅರಗುತ್ತಿರಲಿಲ್ಲ. ಈಗ ನೋಡಿದರೆ ಹುಡುಗ ಹೀಯಾಳಿಸಲು ಏನನ್ನೂ ಉಳಿಸುತ್ತಿಲ್ಲ. ಸಾಲದ್ದಕ್ಕೆ ಹೆಂಡತಿಯ ಮಾಲ್ಟ್ ಒಳಗೆ ಹೋಗುತ್ತದೆ, ತನ್ನ ಕಾಫಿ ಮಾತ್ರ ಆಗದು. ಈ ಹಿರಿಯಪ್ಪನ ನೇಮವೆಲ್ಲ ಬರೀ ವೇಷ, ನಾಲಿಗೆಗೆ ರುಚಿ ಹತ್ತಿದರೆ ಅವನೇ ಕೇಳಿ ಕುಡಿಯುತ್ತಾನೆ, ಕುಡಿಸಿ ತೋರಿಸುತ್ತೇನೆ ಎಂದು ಒಂದು ದಿನ ಉಮಾಶಂಕರನ ಹೋಟೆಲಿನಲ್ಲಿ ಎಲ್ಲರ ಮುಂದೆ ಸವಾಲು ಹಾಕಿ ಬಂದ. ಐವತ್ತೈದು ದಾಟಿದ ಗಂಡಸು ಹಟಕ್ಕೆ ಬಿದ್ದದ್ದು ಹತ್ತೊಂಬತ್ತರ ಹುಡುಗನ ಮೇಲೆ.

ಜನವರಿಯ ಒಂದು ಬೆಳಿಗ್ಗೆ ಅವಕಾಶ ಸಿಕ್ಕಿತು. ಪ್ರಭಾಕರನಿಗೆ ನೆಗಡಿ ಹತ್ತಿ ಮೂಗು ಕಟ್ಟಿತ್ತು. ಅವನು ಬರೀ ಬಿಸಿನೀರು ಸಾಕೆಂದಿದ್ದ. ಇಬ್ಬರಲ್ಲಿ ಕಾಫಿಯ ವಾಸನೆ ಗೊತ್ತಿದ್ದವನು ಅವನೊಬ್ಬನೇ. ಲಾರ್ಸನ್ ಹುಟ್ಟಿದಾಗಿನಿಂದ ಕಾಫಿ ಬಾಯಿಗಿಟ್ಟವನಲ್ಲ, ಅದರ ರುಚಿ ಹೇಗಿರುತ್ತದೆಂದು ಅವನಿಗೆ ತಿಳಿಯುವುದಾದರೂ ಹೇಗೆ? ಚಾಮುಂಡಮ್ಮ ಮಾಲ್ಟ್ ಕಾಯಿಸಿ ಇಳಿಸಿ, ಹಸು ಕೂಗಿತೆಂದು ಕೊಟ್ಟಿಗೆಗೆ ಹೋದಳು. ಕುಳ್ಳಯ್ಯ ಫಿಲ್ಟರಿನ ತಳದಲ್ಲಿದ್ದ ಗಟ್ಟಿ ಡಿಕಾಕ್ಷನ್ನನ್ನು ಪಾತ್ರೆಗೆ ಸುರಿದು, ಎರಡು ಉಂಡೆ ಬೆಲ್ಲ ಹಾಕಿ ಕದಡಿ, ಏನೂ ಅರಿಯದವನ ಹಾಗೆ ಜಗಲಿಗೆ ಬಂದು ಕೂತ. ಸದಾ ಕಾಫಿಯ ಘಮವಿರುವ ಅಡುಗೆಮನೆಯಲ್ಲಿ ಅನುಮಾನ ಬಾರದೆ ಲೋಟಕ್ಕೆ ಬಗ್ಗಿಸಿ ಕೊಟ್ಟವಳು ಅವಳೇ. ಲಾರ್ಸನ್ ಕುಡಿದ. ಕಣ್ಣರಳಿಸಿದ. ಇವತ್ತು ತುಂಬ ಚೆನ್ನಾಗಿದೆ ಅಮ್ಮಾ ಎಂದು ಇನ್ನೊಂದು ಲೋಟ ಕೇಳಿದ. ಬೆಲ್ಲದ ಹದ ಸಿಕ್ಕಿತೆಂದು ಅವಳಿಗೆ ಹಿಗ್ಗೋ ಹಿಗ್ಗು.

ಗುಟ್ಟು ಕುಳ್ಳಯ್ಯನ ಹೊಟ್ಟೆಯಲ್ಲಿ ಮಧ್ಯಾಹ್ನದವರೆಗೂ ನಿಲ್ಲಲಿಲ್ಲ. ಹೋಟೆಲಿನಲ್ಲಿ ಕಥೆ ಹೇಳಿ ಎಲ್ಲರನ್ನೂ ನಗಿಸಿದ. ಅಷ್ಟರಲ್ಲಿ ಇಬ್ಬರೂ ಸೈಕಲ್ ಮೇಲೆ ಬರುವುದು ಕಂಡಿತು. ಕೈ ತಟ್ಟಿ ಕರೆದ.

“ಬೆಳಿಗ್ಗೆ ಕುಡ್ದಲ್ಲ, ಅದು ಕಾಫಿ ಕಣ್ಲಾ ಹಿರಿಯಪ್ಪ. ನಮ್ಮನೆ ಕಾಫಿ. ಎಲ್ಡ್ ಲೋಟ ಕುಡ್ದೆ, ಕೇಳಿ ಈಸ್ಕೊಂಡು.”

ಲಾರ್ಸನ್‌ಗೆ ಅನುವಾದ ಬೇಕಾಗಲಿಲ್ಲ. ಮುಖ ಕೆಂಪಾಯಿತು, ಆಮೇಲೆ ಬಿಳಿಚಿತು. ಅಳುತ್ತಾನೆಂದು ಎಲ್ಲರೂ ಕಾದರು. ಅವನು ಸೈಕಲ್ ತಿರುಗಿಸಿಕೊಂಡು ಹೋದ. ಮೊದಲು ನಕ್ಕವನು ಕುಳ್ಳಯ್ಯ. ಕೊನೆಯವರೆಗೂ ನಕ್ಕವನೂ ಅವನೊಬ್ಬನೇ. ಉಮಾಶಂಕರ ಮೇಜು ಒರೆಸುತ್ತಾ, ಮಾಲೆ ಹಾಕಿದವನಿಗೆ ಮಾಂಸ ತಿನ್ನಿಸಿದರೆ ಸುಮ್ಮನಿರುತ್ತೇವಾ ಕುಳ್ಳಯ್ಯ ಎಂದಷ್ಟೇ ಅಂದು ಒಳಗೆ ಹೋದ.

ಮಾತು ಕುಳ್ಳಯ್ಯನಿಗಿಂತ ಮೊದಲೇ ಮನೆ ಮುಟ್ಟಿತ್ತು. ಚಾಮುಂಡಮ್ಮ ಬೈಯಲಿಲ್ಲ. ಅವನು ಜಗಳಕ್ಕೆ ತಯಾರಾಗಿಯೇ ಬಂದಿದ್ದ, ನಾಲ್ಕು ಉತ್ತರ ನಾಲಿಗೆಯ ತುದಿಯಲ್ಲಿದ್ದವು. ಅವಳು ಮಾಲ್ಟಿನ ಪಾತ್ರೆಯನ್ನು ಬೂದಿ ಹಾಕಿ ಉಜ್ಜುತ್ತಿದ್ದಳು. ಉಜ್ಜಿದ್ದನ್ನೇ ಮತ್ತೆ ಉಜ್ಜಿದಳು. ಅಂದು ಅವನಿಗೆ ಅನ್ನ ಬಡಿಸಿದಳು, ಎದುರಿಗೆ ಕೂರಲಿಲ್ಲ.

ಮರುದಿನ ಬೆಳಿಗ್ಗೆ ಲಾರ್ಸನ್ ಕೆಳಗಿಳಿದು ಬಂದು ಜಗಲಿಯ ಮುಂದೆ ನಿಂತ. ಪ್ರಭಾಕರ ಹಿಂದೆ ನಿಂತಿದ್ದ. ಈಗ ಬಂತು ನೋಡು ಎಂದು ಕುಳ್ಳಯ್ಯ ಎದೆ ಸೆಟೆಸಿದ. ಹುಡುಗ ಒಂದೊಂದೇ ಪದ ಹುಡುಕಿ ಜೋಡಿಸಿದ.

“ಅಯ್ಯಾ, ಮೊದಲ ದಿನ ನಾನು ನಿಮ್ಮ ಲೋಟ ತಳ್ಳಿದೆ. ಅದು ತಪ್ಪು. ಕೈ ಮುಗಿದು ಬೇಡ ಅನ್ನಬೇಕಿತ್ತು. ಕ್ಷಮಿಸಿ. ನಿನ್ನೆಯದಕ್ಕೆ ನನಗೆ ಕೋಪ ಇತ್ತು. ರಾತ್ರಿ ಪ್ರಾರ್ಥನೆ ಮಾಡಿದೆ. ಈಗ ಇಲ್ಲ.”

ಕುಳ್ಳಯ್ಯ ಆಯ್ತು ಬುಡು ಎಂದು ಗೊಣಗಿ ಹೊಲಕ್ಕೆ ಹೊರಟ. ದಾರಿಯುದ್ದಕ್ಕೂ ಪುಸ್ತಕದಲ್ಲಿ ಬರೆದದ್ದನ್ನು ಒಪ್ಪಿಸಿದ ಎಂದು ತನಗೆ ತಾನೇ ಹೇಳಿಕೊಂಡ. ಹಾಗೆ ಹೇಳಿಕೊಂಡರೂ ಒಳಗೊಂದು ಸಮಾಧಾನವಿತ್ತು. ಅವನೇ ಕ್ಷಮೆ ಕೇಳಿದನಲ್ಲ, ಅಲ್ಲಿಗೆ ಲೆಕ್ಕ ಚುಕ್ತಾ ಎಂದುಕೊಂಡ. ಇಂಥ ಜನಕ್ಕೆ ಸಮಾಧಾನ ಬಹಳ ಬೇಗ ಸಿಗುತ್ತದೆ.

ಫೆಬ್ರವರಿಯಲ್ಲಿ ಬೆಂಗಳೂರಿನಿಂದ ಫೋನು ಬಂತು, ಲಾರ್ಸನ್‌ಗೆ ಬೇರೆ ಊರಿಗೆ ವರ್ಗ. ಎಂಟು ತಿಂಗಳಲ್ಲಿ ಹುಣಸೂರಿನ ಒಬ್ಬನೂ ಅವರ ಧರ್ಮಕ್ಕೆ ಸೇರಿರಲಿಲ್ಲ. ಆದರೂ ಹೊರಡುವ ದಿನ ಕೊಟ್ಟಿಗೆಯ ಹತ್ತಿರ ಅಕ್ಕಪಕ್ಕದ ನಾಲ್ಕಾರು ಹೆಂಗಸರು ಬಂದು ನಿಂತಿದ್ದರು. ಆಟೋ ಬಂದಿತ್ತು, ಜತೆಗೆ ಹೊರಟಿದ್ದ ಪ್ರಭಾಕರ ಪೆಟ್ಟಿಗೆ ಏರಿಸುತ್ತಿದ್ದ. ಕುಳ್ಳಯ್ಯ ಕೂಡ ಕಂಬಕ್ಕೆ ಒರಗಿ ನಿಂತಿದ್ದ; ಬಿಳಿಯನನ್ನು ಕಳಿಸಿಕೊಡುವ ಯಜಮಾನನ ಗತ್ತು ಬೇಕಲ್ಲ. ಬಿಸಿಲಲ್ಲಿ ಹೋಗುವವನೆಂದು ಚಾಮುಂಡಮ್ಮ ಒಂದು ಲೋಟ ನೀರು ತಂದುಕೊಟ್ಟಳು, ಆಗಷ್ಟೇ ಮಡಕೆಯಿಂದ ಬಗ್ಗಿಸಿದ್ದು.

ಲಾರ್ಸನ್ ಎರಡೂ ಕೈಯಲ್ಲಿ ಲೋಟ ತೆಗೆದುಕೊಂಡ. ತುಟಿಗೆ ಮುಟ್ಟಿಸುವ ಮೊದಲು ಮೂಗಿನ ಹತ್ತಿರ ತಂದು ಮೂಸಿದ.

ಬೇಕೆಂದು ಮಾಡಿದ್ದಲ್ಲ. ತಾನು ಮಾಡಿದ್ದು ಅರಿವಿಗೆ ಬಂದ ಕೂಡಲೇ ಅವನ ಕಿವಿ ಕೆಂಪಾಯಿತು. ಚಾಮುಂಡಮ್ಮನ ಮುಖ ನೋಡಿದವನು ಕಣ್ಣು ತಗ್ಗಿಸಿ, ಒಂದೇ ಗುಕ್ಕಿಗೆ ಅಷ್ಟನ್ನೂ ಕುಡಿದು, ಲೋಟ ಹಿಂದಕ್ಕೆ ಕೊಟ್ಟು, ಬಗ್ಗಿ ಅವಳ ಕಾಲು ಮುಟ್ಟಿದ. ಬಾಯಲ್ಲಿ ಅವನು ಕ್ಷಮಿಸಿದ್ದು ಸುಳ್ಳಾಗಿರಲಿಲ್ಲ. ಮೂಗಿಗೆ ಮಾತ್ರ ಆ ಕ್ಷಮೆ ಇನ್ನೂ ತಲುಪಿರಲಿಲ್ಲ.

ನಿಂತ ಹೆಂಗಸರೆಲ್ಲ ನೋಡಿದರು. ಕುಳ್ಳಯ್ಯನೂ ನೋಡಿದ. ಬೈದಿದ್ದರೆ ಬೈಯಬಹುದಿತ್ತು, ತಳ್ಳಿದ್ದರೆ ತಳ್ಳಿದನೆಂದು ಊರೆಲ್ಲ ಹೇಳಿಕೊಂಡು ಬರಬಹುದಿತ್ತು. ಇದನ್ನು ಯಾರ ಮುಂದೆ ಹೇಳುವುದು? ಜೀವಮಾನದಲ್ಲಿ ಮೊದಲ ಸಲ ಅವನಿಗೆ ನಾಚಿಕೆಯಾಯಿತು, ಏನು ಮಾಡಬೇಕೆಂದು ತಿಳಿಯದೆ ಕಂಬದ ಸುಣ್ಣ ಕೆರೆಯುತ್ತಾ ನಿಂತ.

ಆಟೋ ಹೋಯಿತು. ಚಾಮುಂಡಮ್ಮ ಖಾಲಿ ಲೋಟ ಹಿಡಿದುಕೊಂಡೇ ಅವನ ಮುಂದೆ ಬಂದು ನಿಂತಳು.

“ನನ್ ಕೈನೀರ ಮೂಸಿ ಕುಡಿಯಂಗೆ ಮಾಡ್ಬುಟ್ಟೆ ಕಣಯ್ಯಾ ನೀನು,” ಎಂದಳು. “ನಾನೇನ್ ಮಾಡಿದ್ದೆ ನಿಂಗೆ?”