ಹೇಮಾಕ್ಷಕ್ಕ ಕೇಳಿದ ಇಂಗ್ಲಿಷ್ ಪದ

ಬೋಳೂರಿನ ಹೊಳೆ ಬದಿಯ ಹೆಂಚಿನ ಕಾರ್ಖಾನೆಯಲ್ಲಿ ಹೇಮಾಕ್ಷಕ್ಕನದು ಕುಳಿತು ಮಾಡುವ ಕೆಲಸ. ಅದನ್ನು ಕಂಡು ಹೊಟ್ಟೆ ಉರಿಸಿಕೊಂಡವರಲ್ಲಿ ನಾನೂ ಒಬ್ಬಳು. ನಾವೆಲ್ಲ ತಲೆಗೆ ಸಿಂಬಿ ಇಟ್ಟು ಹೆಂಚು ಹೊರುವವರು. ಅವಳು ಸುಟ್ಟು ಬಂದ ಹೆಂಚನ್ನು ಎಡಗೈಯಲ್ಲಿ ಎತ್ತಿ, ಬಲಗೈ ನಡುಬೆರಳಿನ ಗೆಣ್ಣಿನಿಂದ ಒಮ್ಮೆ ತಟ್ಟಿ, ಸದ್ದು ಕೇಳಿ, ಒಂದನೇ ನಂಬ್ರ, ಎರಡನೇ ನಂಬ್ರ, ಒಡಕು ಎಂದು ಬೇರೆ ಮಾಡುತ್ತಿದ್ದಳು. ಕಣ್ಣಿಗೆ ಕಾಣದ ಬಿರುಕು ಅವಳ ಕಿವಿಗೆ ಸಿಗುತ್ತಿತ್ತು. ಜಗಿಯುವ ಸದ್ದಿಗೆ ಹೆಂಚಿನ ಸದ್ದು ತಪ್ಪುತ್ತದೆಂದು ಕೆಲಸದ ಹೊತ್ತಿನಲ್ಲಿ ಎಲೆ ಅಡಿಕೆ ಮುಟ್ಟುತ್ತಿರಲಿಲ್ಲ.

ಹನ್ನೆರಡನೇ ವಯಸ್ಸಿಗೆ ಮಣ್ಣು ಮೆಟ್ಟಲು ಬಂದವಳು. ಗಂಡ ನೋಣಯ್ಯ ಮಂಜಿ ಹಡಗಿನಲ್ಲಿ ಸರಕು ಹೇರಿಕೊಂಡು ಸಮುದ್ರಕ್ಕೆ ಹೋದವನು ತಿರುಗಿ ಬರಲಿಲ್ಲ. ಇಬ್ಬರು ಹೆಣ್ಣುಮಕ್ಕಳನ್ನು ಅವಳು ಸಾಕಿದ್ದು ಆ ಒಂದು ಬೆರಳಿನಲ್ಲಿ.

ಐವತ್ತೆಂಟನೇ ಇಸವಿಯಲ್ಲಿ ಕಾರ್ಖಾನೆಗೆ ಹೊಸ ರಿಜಿಸ್ಟರ್ ಬಂತು. ಪ್ರತಿಯೊಬ್ಬರ ಹೆಸರಿನ ಮುಂದೆ ಅವರ ಕೆಲಸವನ್ನು ಇಂಗ್ಲಿಷಿನಲ್ಲಿ, ಒಂದೇ ಪದದಲ್ಲಿ ಬರೆಯಬೇಕಂತೆ. ಕೂಲಿ ಎಂದು ಬರೆಸಿಕೊಂಡವರಿಗೆ ಮಳೆಗಾಲದ ಮೂರು ತಿಂಗಳು ಕೆಲಸವಿಲ್ಲ. ಕಸಬಿನ ಹೆಸರು ಬಿದ್ದವರಿಗೆ ವರ್ಷವಿಡೀ ಉಂಟು. ಗುಮಾಸ್ತ ಪಿಯುಸ್ ಪೊರ್ಬುಗಳು ಹೇಮಾಕ್ಷಕ್ಕನ ಹೆಸರಿನ ಮುಂದೆ ಕೂಲಿ ಎಂದು ಗೀಚಿದರು. ಅವಳು ಹೆಬ್ಬೆಟ್ಟು ಒತ್ತಲಿಲ್ಲ.

“ಹೆಂಚು ತಟ್ಟಿ ಒಳಗಿನ ಒಡಕು ಹೇಳುವವಳು ಅಂತ ಬರೆಯಿರಿ, ಪೊರ್ಬುಲೆ.”

“ಅಷ್ಟುದ್ದಕ್ಕೆ ಜಾಗ ಎಲ್ಲುಂಟು ಮಾರಾಯ್ತಿ? ಒಂದು ಪದ ತಾ, ಬರೀತೇನೆ.”

ನಗುತ್ತ ತಮಾಷೆಗೆ ಹೇಳಿದ ಮಾತು ಅದು. ಓದಲು ಬಾರದವಳು ಇಂಗ್ಲಿಷ್ ಪದವನ್ನು ಎಲ್ಲಿಂದ ತಂದಾಳು ಎಂಬ ಧೈರ್ಯ. ಇಷ್ಟು ವರ್ಷವಾದರೂ ಆ ನಗು ನೆನಪಾದರೆ ನನಗೆ ಮೈ ಉರಿಯುತ್ತದೆ.

ಆದಿತ್ಯವಾರ ಅವಳು ನನ್ನನ್ನು ಕರೆದುಕೊಂಡು ಕೊಡಿಯಾಲ್‌ಬೈಲಿಗೆ, ಶಾಲೆಯ ಟೀಚರ್ ಐರಿನ್ ಬಾಯಮ್ಮನ ಮನೆಗೆ ನಡೆದಳು. ಬಾಯಮ್ಮ ಇಗರ್ಜಿಯಿಂದ ಆಗಷ್ಟೇ ಬಂದಿದ್ದರು. ಸಂಗತಿ ಕೇಳಿ ನಗಲಿಲ್ಲ. ಜಗಲಿಯಲ್ಲಿ ಕೂರಿಸಿ, ಯೋಚಿಸಿ ಯೋಚಿಸಿ ಒಂದೊಂದೇ ಪದ ಹೇಳಿದರು. ಹೇಮಾಕ್ಷಕ್ಕ ಪ್ರತಿಯೊಂದಕ್ಕೂ, ಆ ಹೆಸರಿನವರು ಮಾಡುವುದು ಎಂತ ಎಂದು ಕೇಳಿದಳು. ಚೆಕ್ಕರ್ ಬೇಡವೆಂದಳು. ಬಸ್ಸಿನ ಚೆಕ್ಕರ್ ಟಿಕೆಟ್ ನೋಡುತ್ತಾನೆ, ಅದು ಕಣ್ಣಿದ್ದವರಿಗೆಲ್ಲ ಕಾಣುತ್ತದೆ. ಸಾರ್ಟರ್ ಬೇಡ. ಅಂಚೆಯ ಸಾರ್ಟರ್ ವಿಳಾಸ ಓದಿ ಕಾಗದ ವಿಂಗಡಿಸುತ್ತಾನೆ, ತನ್ನ ಹೆಂಚಿನ ಮೇಲೆ ಯಾರೂ ವಿಳಾಸ ಬರೆದು ಕಳಿಸುವುದಿಲ್ಲ. ಕೊನೆಗೆ ಬಾಯಮ್ಮ, ಎಕ್ಸಾಮಿನರ್ ಎಂದರು.

“ಅವರೆಂತ ಮಾಡುವುದು?”

“ಮಕ್ಕಳ ತಲೆಯೊಳಗೆ ಎಂತ ಉಂಟು ಅಂತ ಪರೀಕ್ಷೆ ಮಾಡಿ ಪಾಸಾ ಫೇಲಾ ಹೇಳುವುದು. ಅವರು ಹೇಳಿದ ಮೇಲೆ ಹೆಡ್‌ಮಾಸ್ತರಿಗೂ ಬದಲಿಸ್ಲಿಕ್ಕೆ ಆಗುವುದಿಲ್ಲ.”

“ಅದೇ, ಬಾಯಮ್ಮ. ಅದೇ ನಾನು.”

ಬಾಯಮ್ಮ ಚೀಟಿಯಲ್ಲಿ ಬರೆದುಕೊಟ್ಟರು. ಇಂಗ್ಲಿಷಿನಲ್ಲಿ ಎಂಟು ಅಕ್ಷರ.

ಮರುದಿನ ಚೀಟಿ ಆಫೀಸಿನಲ್ಲಿ ಕೈಯಿಂದ ಕೈಗೆ ಹೋಯಿತು. ಮೇನೇಜರ್ ಧನಿಗಳು, ಹಾಗಾದರೆ ಇವಳಿಗೆ ನನ್ನ ಪಕ್ಕದಲ್ಲೇ ಕುರ್ಚಿ ಹಾಕಬೇಕಾದೀತು ಎಂದರಂತೆ. ಬೆರಳಲ್ಲಿ ಟಕ್ ಎನ್ನಿಸಲು ಇಂಗ್ಲಿಷ್ ಯಾಕೆ ಎಂದೂ ಕೇಳಿದರಂತೆ. ಆ ಬೆರಳನ್ನು ನಂಬಿ ಮೂವತ್ತು ವರ್ಷ ಹೆಂಚು ಮಾರಿದ ಬಾಯಿ ಅದು.

ಹೇಮಾಕ್ಷಕ್ಕ ಜಗಳ ಮಾಡಲಿಲ್ಲ. ಮಾರನೆ ಬೆಳಿಗ್ಗೆ ಬಾಯಿ ತುಂಬ ಎಲೆ ಅಡಿಕೆ ಜಗಿಯುತ್ತ ಬಂದು, ಸಿಂಬಿ ಸುತ್ತಿ ತಲೆಗಿಟ್ಟು, ನಮ್ಮ ಸಾಲಿನಲ್ಲಿ ನಿಂತಳು. ಒಳ್ಳೆಯದು, ಒಡಕು ಎನ್ನದೆ ಎಲ್ಲ ಹೆಂಚನ್ನೂ ಹೊತ್ತು ಒಂದೇ ರಾಶಿಗೆ ಹಾಕಿದಳು. ಹೊಳೆಯ ದಕ್ಕೆಯಲ್ಲಿ ಹೆಂಚು ಹೇರಲು ಮಂಜಿ ಕಾಯುತ್ತಿತ್ತು. ಪಿಯುಸ್ ಪೊರ್ಬುಗಳು ತಾವೇ ಕೂತು ಬೆರಳು ಕೆಂಪಾಗುವ ತನಕ ತಟ್ಟಿದರು. ಅವರಿಗೆ ಎಲ್ಲವೂ ಒಂದೇ ಸದ್ದು. ಕೊನೆಗೆ ಧನಿಗಳೇ ಇಳಿದು ಬಂದು, ಇದರಲ್ಲಿ ಒಂದನೇ ನಂಬ್ರ ಯಾವುದು ಎಂದು ಅವಳನ್ನೇ ಕೇಳಿದರು.

“ಕೂಲಿಯವರಿಗೆ ಅದೆಲ್ಲ ಗೊತ್ತಾಗ್ತದಾ, ಧನಿಗಳೇ?” ಎಂದು ಅವಳು ಮತ್ತೊಂದು ಹೊರೆಗೆ ಬಗ್ಗಿದಳು.

ಮೂರನೇ ದಿನ ರಿಜಿಸ್ಟರ್ ಆಫೀಸು ಬಿಟ್ಟು ನಾವು ಕೆಲಸ ಮಾಡುವ ಚಪ್ಪರದ ಕೆಳಗೆ ಬಂತು. ಪೊರ್ಬುಗಳು ಹಳೆಯದನ್ನು ಹೊಡೆದು ಹಾಕಿ, ಏನೋ ಬರೆದು, ಹೆಬ್ಬೆಟ್ಟಿಗೆ ಮಸಿ ಮುಂದೆ ಹಿಡಿದರು. ಅವಳು ಸೆರಗಿನ ಗಂಟಿನಿಂದ ಚೀಟಿ ಬಿಚ್ಚಿ ಪುಸ್ತಕದ ಪಕ್ಕದಲ್ಲಿಟ್ಟು, ಒಂದೊಂದೇ ಅಕ್ಷರಕ್ಕೆ ಬೆರಳಿಟ್ಟಳು.

“ಇದರಲ್ಲಿ ಎಂಟು ಉಂಟು. ನಿಮ್ಮದರಲ್ಲಿ ಆರೇ.”

ಅವರು ಬರೆದದ್ದು ಹೆಲ್ಪರ್ ಎಂದು. ಆ ಹೊತ್ತಿಗೂ ಮೋಸ ಮಾಡಲು ಮನಸ್ಸು ಬಂತಲ್ಲ. ಪೊರ್ಬುಗಳ ಮುಖ ಕಪ್ಪಾಯಿತು. ಚೀಟಿ ನೋಡಿ ಎಂಟೂ ಅಕ್ಷರ ಬರೆದರು. ಅವಳು ಪುನಃ ಎಣಿಸಿ, ಹೆಬ್ಬೆಟ್ಟು ಒತ್ತಿ, ಹೊರಗೆ ಹೋಗಿ ಎಲೆ ಅಡಿಕೆ ಉಗಿದು, ಬಾಯಿ ಮುಕ್ಕಳಿಸಿ ಬಂದು ಕೂತಳು. ಆ ಮಳೆಗಾಲ ಅವಳಿಗೆ ಕೆಲಸವಿತ್ತು, ಮುಂದಿನ ಎಂಟು ಮಳೆಗಾಲವೂ.

ಅರವತ್ತಾರನೇ ಇಸವಿಯ ಮಳೆಗಾಲ ಮುಗಿದ ಮೇಲೆ ಅವಳ ಕಿವಿ ಮಂದವಾಯಿತು. ತಾನಾಗಿಯೇ ಎದ್ದು, ಆ ಜಾಗದಲ್ಲಿ ನನ್ನನ್ನು ಕೂರಿಸಿದಳು. ಎರಡು ವರ್ಷದಿಂದ ಪಕ್ಕದಲ್ಲಿ ಕೂರಿಸಿ ಕಲಿಸಿದ್ದಳು. ತಿಂಗಳಾದ ಮೇಲೆ, ರಿಜಿಸ್ಟರಿನಲ್ಲಿ ನನ್ನ ಹೆಸರಿನ ಮುಂದೆ ಎಂತ ಉಂಟು ಎಂದು ವಿಚಾರಿಸಿದೆ. ಕೂಲಿ. ಎಕ್ಸಾಮಿನರ್ ಎಂಬುದು ಹೇಮಾಕ್ಷಿಯೊಬ್ಬಳಿಗೆ ಮಾತ್ರ ಕೊಟ್ಟದ್ದಂತೆ, ಕೆಲಸಕ್ಕಲ್ಲವಂತೆ.

ಅಳು ಬಂತು. ಸಂಜೆ ಅವಳ ಮನೆಗೆ ಹೋಗಿ, ಕಿವಿಯ ಹತ್ತಿರ ಬಾಯಿಟ್ಟು ಎಲ್ಲವನ್ನೂ ಹೇಳಿದೆ.

“ನಾಳೆಯಿಂದ ತಟ್ಟಬೇಡ,” ಎಂದಳು. “ಹೊರು.”

ಹೊತ್ತೆ. ರಿಜಿಸ್ಟರ್ ಚಪ್ಪರಕ್ಕೆ ಬರಲು ನನಗೆ ಐದು ದಿನ ಬೇಕಾಯಿತು.